ಸದನದ ಗೋಡೆ, ಮನೆಯ ಗೋಡೆ

ಹಬ್ಬಕ್ಕೆ ಮುನ್ನ ಮನೆಗೆ ಸುಣ್ಣಬಣ್ಣ ಮಾಡಿಸುವುದು ನಮ್ಮಲ್ಲಿ ಹಿಂದಿನಿಂದ ಬಂದ ರೂಢಿ. ಕಳೆದ ಯುಗಾದಿಗೆ ಮುಂಚೆ ರಾಜಾಜಿನಗರದ ನಮ್ಮ ಹಳೆಯ ಮನೆಗೂ ಆ ಯೋಗ ಒದಗಿತು. ಬಣ್ಣದವರು ಬರುವ ಹಿಂದಿನ ರಾತ್ರಿ ನಾನು ಏಣಿ ಹತ್ತಿ ಹಜಾರದ ಗೋಡೆಯಲ್ಲಿದ್ದ ಪಟಗಳನ್ನು ಒಂದೊಂದಾಗಿ ಇಳಿಸಿದೆ. ಎಂಟು ವರ್ಷದ ಮಗಳು ಕೆಳಗೆ ನಿಂತು ಅವನ್ನು ತೆಗೆದುಕೊಂಡು, ಹಳೆಯ ಪಂಚೆಯ ತುಂಡಿನಿಂದ ಧೂಳು ಒರೆಸಿ, ಸಾಲಾಗಿ ನೆಲದ ಮೇಲೆ ಒರಗಿಸುತ್ತಿದ್ದಳು. ನನ್ನ ತಾತ ಅಜ್ಜಿಯರ ಮದುವೆಯ ಪಟ, ಗಾಂಧೀಜಿ, ನೆಹರೂ - ಇಷ್ಟೂ ಅವಳಿಗೆ ಪರಿಚಿತ. ಕೊನೆಗೆ ಬಂದುದು ಬೋಳುತಲೆಯ, ಕಪ್ಪು ಕನ್ನಡಕದ, ಹೆಗಲ ಮೇಲೆ ಬಿಳಿಯ ಶಾಲು ಹೊದ್ದ ಒಬ್ಬ ವೃದ್ಧರ ಪಟ. ಹುಡುಗಿ ಅದನ್ನು ಬಹಳ ಹೊತ್ತು ದಿಟ್ಟಿಸಿ ನೋಡಿ ಕೇಳಿದಳು:

"ಅಪ್ಪಾ, ಇವರು ನಮ್ಮ ಮನೆಯವರಾ?"

"ಇವರು ರಾಜಾಜಿ, ಪುಟ್ಟೀ. ನಮ್ಮ ಬಡಾವಣೆಗೆ ಇವರದೇ ಹೆಸರು."

"ಹಾಗಾದರೆ ಇವರು ಇಲ್ಲೇ ಇದ್ದರಾ?"

"ಇಲ್ಲ."

"ಮತ್ತೆ ಏನು ಮಾಡಿದರು?"

"ದೊಡ್ಡ ನಾಯಕರಾಗಿದ್ದರು" ಎಂದು ಉತ್ತರ ಕೊಟ್ಟು ನಾನು ಏಣಿಯಿಂದ ಇಳಿದೆ. ಕನ್ನಡದ ಎಂ.ಎ. ಪದವೀಧರನಾಗಿ, ದಿನಕ್ಕೆ ಮೂರು ತರಗತಿಗಳಲ್ಲಿ ಗಂಟಲು ಹರಿಯುವಂತೆ ಪಾಠ ಹೇಳುವ ನನಗೆ, ಹುಟ್ಟಿದಂದಿನಿಂದ ತಲೆಯ ಮೇಲೆ ತೂಗುತ್ತಿದ್ದ ಒಂದು ಮುಖದ ವಿಷಯವಾಗಿ ಮೂರು ಮಾತು ಹೊಂದಿಸಲಾಗಲಿಲ್ಲ. ಆ ನಾಚಿಕೆಯಿಂದ ಹುಟ್ಟಿದುದು ಈ ಲೇಖನ.

ಪಟದ ಹಿಂಬದಿಯ ಹಲಗೆಯ ಮೇಲೆ ತಾತ ಪೆನ್ಸಿಲಿನಿಂದ ಬರೆದಿದ್ದ ಸಾಲೊಂದು ಆ ರಾತ್ರಿ ಕಣ್ಣಿಗೆ ಬಿತ್ತು: ಈ ಮನೆಗೆ ಒಕ್ಕಲಾದ ದಿನ ತಂದದ್ದು ಎಂದು. ಚಕ್ರವರ್ತಿ ರಾಜಗೋಪಾಲಾಚಾರಿಯವರು ಓದಿದ್ದು ನಮ್ಮ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ. 1948ರಿಂದ 1950ರವರೆಗೆ ಅವರು ಸ್ವತಂತ್ರ ಭಾರತದ ಗವರ್ನರ್ ಜನರಲ್ ಆಗಿದ್ದರು. ಆ ಪದವಿಯನ್ನೇರಿದ ಭಾರತೀಯರು ಅವರೊಬ್ಬರೇ. ಆ ಕಾಲಕ್ಕೆ ಕೈಗಾರಿಕಾ ಉಪನಗರವಾಗಿ ತಲೆಯೆತ್ತಿದ ಈ ಬಡಾವಣೆಗೆ ಅವರ ಹೆಸರು ಬಂದಿತು. ಕಾರ್ಖಾನೆಯ ಕೆಲಸಗಾರರಾಗಿದ್ದ ನನ್ನ ತಾತನಿಗೆ ರಾಜಾಜಿಯವರ ಪಟ ದೊಡ್ಡ ರಾಜಕೀಯದ ಗುರುತಾಗಿರಲಿಲ್ಲ. ತಲೆಯ ಮೇಲೊಂದು ಸೂರಾಯಿತೆಂಬ ಕೃತಜ್ಞತೆಯ ಗುರುತಾಗಿತ್ತು. ಆತ ಬಲ್ಲ ಅರ್ಥ ಆತನೊಡನೆ ಹೋಯಿತು. ಪಟ ಮಾತ್ರ ಮೊಳೆಗೆ ಜೋತುಕೊಂಡು ಉಳಿಯಿತು.

ಬೆಳಗಾವಿಯ ಏಳು ಮುಖಗಳು

"ನಮ್ಮ ಮನೆಯವರಾ?" ಎಂಬ ಪ್ರಶ್ನೆಯನ್ನು ಮಕ್ಕಳು ಮಾತ್ರವೇ ಕೇಳುವುದಿಲ್ಲ. ಶಾಸನಸಭೆಗಳನ್ನು ನಾವು ಕನ್ನಡದಲ್ಲಿ ಮೇಲ್ಮನೆ, ಕೆಳಮನೆ ಎಂದೇ ಕರೆಯುತ್ತೇವಷ್ಟೆ. ಆ ಮನೆಯ ಗೋಡೆಯ ಮೇಲೆ ಯಾರ ಪಟವಿರಬೇಕೆಂಬ ವಿಷಯದಲ್ಲಿ ಹಿರಿಯರಲ್ಲಿಯೂ ಇದೇ ಪ್ರಶ್ನೆ ಏಳುವುದುಂಟು. ಎದ್ದಾಗ ಅದು ಇಷ್ಟು ಮೆಲ್ಲನೆಯ ದನಿಯಲ್ಲಿ ಏಳುವುದಿಲ್ಲ, ಅಷ್ಟೆ.

ಬೆಳಗಾವಿಯ ಸುವರ್ಣ ವಿಧಾನಸೌಧವನ್ನು ಓದುಗರು ಬಲ್ಲರು. ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರು ಅದನ್ನು ಉದ್ಘಾಟಿಸಿದ್ದು 2012ರ ಅಕ್ಟೋಬರ್ 11ರಂದು. 2022ರ ಡಿಸೆಂಬರ್ 19ರಂದು, ಚಳಿಗಾಲದ ಅಧಿವೇಶನದ ಮೊದಲನೆಯ ದಿನ, ಅಲ್ಲಿನ ವಿಧಾನಸಭೆಯ ಸಭಾಂಗಣದಲ್ಲಿ ಏಳು ಭಾವಚಿತ್ರಗಳು ಅನಾವರಣಗೊಂಡವು: ಬಸವೇಶ್ವರ, ಸ್ವಾಮಿ ವಿವೇಕಾನಂದ, ಮಹಾತ್ಮಾ ಗಾಂಧಿ, ಸುಭಾಷ್‌ಚಂದ್ರ ಬೋಸ್, ವಲ್ಲಭಭಾಯಿ ಪಟೇಲ್, ಬಿ.ಆರ್. ಅಂಬೇಡ್ಕರ್ ಮತ್ತು ವಿ.ದಾ. ಸಾವರ್ಕರ್. ಆಗ ಸಭಾಧ್ಯಕ್ಷರಾಗಿದ್ದವರು ವಿಶ್ವೇಶ್ವರ ಹೆಗಡೆ ಕಾಗೇರಿ. ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ.

ವಿರೋಧಪಕ್ಷದವರು ಸುಮ್ಮನಿರಲಿಲ್ಲ. ಸಾವರ್ಕರ್ ಅವರ ಚಿತ್ರಕ್ಕೆ, ಅದನ್ನು ಇಟ್ಟ ರೀತಿಗೆ ಅವರ ಆಕ್ಷೇಪ. ಇತ್ತ ಆ ಚಿತ್ರದ ಪರವಾಗಿದ್ದವರಿಗೆ ಸಾವರ್ಕರರು ದೇಶಕ್ಕಾಗಿ ಅಂಡಮಾನಿನ ಸೆರೆ ಕಂಡ ವೀರರು. 1950ರಲ್ಲಿ ಬೆಳಗಾವಿಯ ಸೆರೆಮನೆಯಲ್ಲಿಯೂ ಇದ್ದವರು. ಅಂದು ವಿರೋಧಪಕ್ಷದ ಶಾಸಕರು ನೆಹರೂ ಮೊದಲಾದವರ ಪಟಗಳನ್ನು ಕೈಯಲ್ಲಿ ಹಿಡಿದು ಸೌಧದ ಹೊರಗೆ ಮೆಟ್ಟಿಲ ಮೇಲೆ ಕುಳಿತರು. ಆಗ ವಿರೋಧಪಕ್ಷದ ನಾಯಕರಾಗಿದ್ದ ಸಿದ್ದರಾಮಯ್ಯನವರು ಸಭಾಧ್ಯಕ್ಷರಿಗೆ ಬರೆದ ಪತ್ರದಲ್ಲಿ ವಾಲ್ಮೀಕಿ, ಬಸವಣ್ಣ, ಕನಕದಾಸ, ಶಿಶುನಾಳ ಷರೀಫ, ನಾರಾಯಣ ಗುರು, ಅಂಬೇಡ್ಕರ್, ಪಟೇಲ್, ಜಗಜೀವನ್ ರಾಂ, ಕುವೆಂಪು ಮೊದಲಾದವರ ಚಿತ್ರಗಳನ್ನು ಇಡಬೇಕೆಂದು ಕೇಳಿದರು. 2023ರಲ್ಲಿ ಸರ್ಕಾರ ಬದಲಾಯಿತು. ಆಗ ಸಾವರ್ಕರರ ಪಟವನ್ನು ಇಳಿಸುವ ಮಾತು ಎದ್ದಿತು. ಅದರ ಬಗೆಗೂ ವಾದವಿವಾದಗಳಾದವು.

ಈ ಪಕ್ಷ ಆ ಪಕ್ಷಗಳ ವಕಾಲತ್ತು ನನ್ನ ಕೆಲಸವಲ್ಲ. ಆದರೆ ಎರಡು ಪಟ್ಟಿಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದಾಗ ಒಂದು ಸಂಗತಿ ಎದ್ದು ಕಂಡಿತು. ಒಳಗೆ ಗೋಡೆಗೇರಿದ ಹೆಸರುಗಳಲ್ಲಿಯೂ ಹೊರಗೆ ಕೇಳಿದ ಹೆಸರುಗಳಲ್ಲಿಯೂ ಬಸವಣ್ಣ, ಅಂಬೇಡ್ಕರ್, ಪಟೇಲ್ ಇದ್ದರು. ಜಗಳವಾಡಿದ ಎರಡು ಕಡೆಯವರೂ ಮೂವರನ್ನು "ನಮ್ಮ ಮನೆಯವರು" ಎಂದು ಒಪ್ಪಿದ್ದರು. ಆ ಒಪ್ಪಿಗೆ ಯಾರ ಗಮನಕ್ಕೂ ಬಾರಲಿಲ್ಲ. ಒಪ್ಪದ ಹೆಸರೇ ದಿನಪತ್ರಿಕೆಗಳನ್ನೆಲ್ಲ ತುಂಬಿತು.

ಇದನ್ನು ಮನೆಯಲ್ಲಿ ಓದಿ ಹೇಳಿದಾಗ, ಅಡಿಗೆಮನೆಯ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ನನ್ನ ತಾಯಿ ತಲೆಯೆತ್ತದೆಯೇ ಕೇಳಿದರು: "ಏಳು ಜನರಲ್ಲಿ ಹೆಂಗಸರು ಯಾರೂ ಇಲ್ಲವೇನಪ್ಪಾ? ಕಿತ್ತೂರು ಅಲ್ಲೇ ಅಲ್ಲವೇ ಇರುವುದು?" ನಾನು ಪಟ್ಟಿಯನ್ನು ಮತ್ತೊಮ್ಮೆ ನೋಡಿದೆ. ಅವರ ಮಾತು ನಿಜ. 1824ರಲ್ಲಿ ಕಂಪನಿಯ ಸೈನ್ಯವನ್ನು ಎದುರಿಸಿ ನಿಂತ ರಾಣಿ ಚೆನ್ನಮ್ಮನ ಕಿತ್ತೂರು ಬೆಳಗಾವಿ ಜಿಲ್ಲೆಯಲ್ಲಿಯೇ ಇದೆ. ದೆಹಲಿಯ ಸಂಸತ್ ಭವನದ ಆವರಣದಲ್ಲಿ ಆಕೆಯ ಪ್ರತಿಮೆ 2007ರಲ್ಲಿ ಅನಾವರಣಗೊಂಡಿತು. ಆಕೆಯ ಸ್ವಂತ ಜಿಲ್ಲೆಯ ಸಭಾಂಗಣದಲ್ಲಿ ಅಂದು ಏರಿದ ಏಳರಲ್ಲಿ ಆಕೆಯದೂ ಇರಲಿಲ್ಲ, ಬೇರೊಬ್ಬ ಸ್ತ್ರೀಯದೂ ಇರಲಿಲ್ಲ.

ದೆಹಲಿಯ ನೆರೆಹೊರೆ

ಸದನದಲ್ಲಿ ಪಟಗಳನ್ನಿಡುವ ಈ ಪದ್ಧತಿಗೆ ನಮ್ಮ ದೇಶದಲ್ಲಿ ಮೇಲ್ಪಂಕ್ತಿ ದೆಹಲಿಯ ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲ್. ಆ ಭವನಕ್ಕೆ 2023ರ ಸೆಪ್ಟೆಂಬರಿನಲ್ಲಿ ಸಂವಿಧಾನ ಸದನವೆಂದು ಹೆಸರಾಯಿತು. ಕಲಾಪಗಳು ಹೊಸ ಕಟ್ಟಡಕ್ಕೆ ಹೋದವು. ಸಂವಿಧಾನ ರಚನಾ ಸಭೆ 1946ರ ಡಿಸೆಂಬರ್ 9ರಂದು ಮೊದಲ ಬಾರಿಗೆ ಕುಳಿತುದು ಆ ಹಾಲಿನಲ್ಲಿಯೇ. ಸ್ವಾತಂತ್ರ್ಯ ಬಂದು ಎರಡು ವಾರ ಕಳೆಯುವುದರೊಳಗೆ, 1947ರ ಆಗಸ್ಟ್ 28ರಂದು, ಸಭೆಯ ಅಧ್ಯಕ್ಷ ರಾಜೇಂದ್ರ ಪ್ರಸಾದರು ಅಲ್ಲಿ ಗಾಂಧೀಜಿಯವರ ತೈಲಚಿತ್ರವನ್ನು ಅನಾವರಣಗೊಳಿಸಿದರು. ಬರೆದವರು ಸರ್ ಆಸ್ವಾಲ್ಡ್ ಬರ್ಲಿ ಎಂಬ ಆಂಗ್ಲ ಚಿತ್ರಕಾರರು. ಗಾಂಧೀಜಿ ಆಗ ಬದುಕಿದ್ದರೆಂಬುದನ್ನು ಇಲ್ಲಿ ಗಮನಿಸಬೇಕು.

ಮುಂದೆ ಒಂದೊಂದಾಗಿ ಚಿತ್ರಗಳು ಬಂದವು. ಲಾಲಾ ಲಜಪತರಾಯರನ್ನು 1956ರಲ್ಲಿ ಸತೀಶ್ ಗುಜ್ರಾಲರ ಕುಂಚ ತಂದಿತು. ನಮ್ಮ ಮನೆಯ ಪಟದ ರಾಜಾಜಿಯವರಿಗೆ 1978ರಲ್ಲಿ ಸ್ಥಳ ದೊರೆಯಿತು. ಅಟಲ್ ಬಿಹಾರಿ ವಾಜಪೇಯಿಯವರ ಚಿತ್ರ 2019ರ ಫೆಬ್ರವರಿಯಲ್ಲಿ ಬಂದಿತು.

ಈ ತಾರೀಖುಗಳನ್ನು ಸುಮ್ಮನೆ ಓದಿಕೊಂಡು ಹೋದರೂ ಒಂದು ಚರಿತ್ರೆ ಕಣ್ಣೆದುರು ನಿಲ್ಲುತ್ತದೆ. ಅಂಬೇಡ್ಕರರನ್ನು ನೋಡಿ. ಸಂವಿಧಾನದ ಕರಡನ್ನು ಕೈಯಲ್ಲಿ ಹಿಡಿದು, ವಿಧಿವಿಧಿಗೂ ಉತ್ತರ ಹೇಳುತ್ತ ಅವರು ನಿಂತದ್ದು ಅದೇ ಹಾಲಿನಲ್ಲಿ. ಅವರು ತೀರಿಕೊಂಡದ್ದು 1956ರ ಡಿಸೆಂಬರ್ 6ರಂದು. ಅವರ ಭಾವಚಿತ್ರ ಆ ಗೋಡೆಗೆ ಬಂದದ್ದು 1990ರ ಏಪ್ರಿಲ್ 12ರಂದು, ವಿ.ಪಿ. ಸಿಂಗರು ಪ್ರಧಾನಿಯಾಗಿದ್ದಾಗ. ಮೂವತ್ತಮೂರು ವರ್ಷಗಳಿಗೂ ಮೀರಿದ ಆ ವಿಳಂಬ ಅಂಬೇಡ್ಕರರ ವಿಷಯವಾಗಿ ಏನನ್ನೂ ಹೇಳುವುದಿಲ್ಲ. ಆ ಮೂವತ್ತಮೂರು ವರ್ಷ ಅಲ್ಲಿ ಓಡಾಡಿದವರ ವಿಷಯವಾಗಿ ಬಹಳ ಹೇಳುತ್ತದೆ. ಪಟವೆನ್ನುವುದು ಸತ್ತವರ ಗುಣಕ್ಕಿಂತ ಮಿಗಿಲಾಗಿ ಅದನ್ನು ತೂಗುಹಾಕಿದವರ ಮನಸ್ಸನ್ನು ತೋರುವ ಕನ್ನಡಿ.

ಸಾವರ್ಕರರ ಚಿತ್ರ ದೆಹಲಿಯಲ್ಲಿ ಅನಾವರಣವಾದದ್ದು 2003ರ ಫೆಬ್ರವರಿ 26ರಂದು, ರಾಷ್ಟ್ರಪತಿ ಅಬ್ದುಲ್ ಕಲಾಂ ಅವರಿಂದ. ಅಂದೂ ವಿರೋಧಪಕ್ಷಗಳು ಸಮಾರಂಭವನ್ನು ಬಹಿಷ್ಕರಿಸಿದ್ದವು. ಗಾಂಧಿ ಹತ್ಯೆಯ ಮೊಕದ್ದಮೆಯಲ್ಲಿ ಆರೋಪಿಯಾಗಿ ನಿಂತು, 1949ರಲ್ಲಿ ಖುಲಾಸೆಯಾದವರು ಅವರು. ಅವರ ಮುಖವೂ ಗಾಂಧೀಜಿಯ ಮುಖವೂ ಒಂದೇ ಸೂರಿನಡಿ ಬಂದಾಗ ಅನೇಕರಿಗೆ ನೋವಾಯಿತು. ಅನೇಕರಿಗೆ ಇದು ತಡವಾಗಿ ಸಂದ ನ್ಯಾಯವೆನಿಸಿತು.

ಆದರೆ ಆ ಹಾಲಿನಲ್ಲಿ ಹೊಂದಾಣಿಕೆಯಾಗದ ನೆರೆಹೊರೆ ಇವರಿಬ್ಬರದೊಂದೇ ಅಲ್ಲ. ನೆಹರೂ ಅವರ ಆರ್ಥಿಕ ನೀತಿಯನ್ನು ಎದುರಿಸಲೆಂದೇ ಎಂಬತ್ತರ ವಯಸ್ಸಿನಲ್ಲಿ, 1959ರಲ್ಲಿ, ಸ್ವತಂತ್ರ ಪಕ್ಷವನ್ನು ಕಟ್ಟಿದ ರಾಜಾಜಿ ಅಲ್ಲಿದ್ದಾರೆ. ನೆಹರೂ ಅವರೂ ಅಲ್ಲಿದ್ದಾರೆ. ಪೂನಾ ಒಪ್ಪಂದದ ಎರಡು ಕಡೆಯಲ್ಲಿ ನಿಂತ ಗಾಂಧಿ, ಅಂಬೇಡ್ಕರರಿಬ್ಬರೂ ಇದ್ದಾರೆ. ನೆಹರೂ ಸರ್ಕಾರದ ಮೇಲೆ ಬೆಂಕಿಯುಗುಳುತ್ತಿದ್ದ ಲೋಹಿಯಾ ಇದ್ದಾರೆ. ಬದುಕಿದ್ದಾಗ ಒಬ್ಬರ ಮಾತನ್ನು ಒಬ್ಬರು ಮುರಿಯುತ್ತಿದ್ದವರು ಗೋಡೆಯ ಮೇಲೆ ಮೌನವಾಗಿ ನೆರೆಯವರಾಗಿದ್ದಾರೆ. ನಮ್ಮ ಹಜಾರದಲ್ಲಿಯೂ ನೆಹರೂ ಮತ್ತು ರಾಜಾಜಿ ಅರುವತ್ತು ವರ್ಷಕ್ಕೂ ಮೇಲ್ಪಟ್ಟು ಅಕ್ಕಪಕ್ಕದಲ್ಲಿ ತೂಗಿದ್ದರು. ಅವರು ಜಗಳವಾಡಿದ್ದರೆಂಬುದೇ ನಮಗೆ ಮರೆತುಹೋಗಿತ್ತು.

ಬ್ರಿಟನ್ನಿನಲ್ಲಿಯೂ ಇದೇ ಕಥೆ. ಆಲಿವರ್ ಕ್ರಾಮ್‌ವೆಲ್ಲನ ಪ್ರತಿಮೆಯನ್ನು ವೆಸ್ಟ್‌ಮಿನ್‌ಸ್ಟರಿನ ಪಾರ್ಲಿಮೆಂಟಿನ ಮುಂದೆ ನಿಲ್ಲಿಸಬೇಕೆಂದಾಗ ಐರಿಷ್ ಸದಸ್ಯರು ಕಟುವಾಗಿ ವಿರೋಧಿಸಿದರು. ತಮ್ಮ ನಾಡಿನಲ್ಲಿ ಆತ ಹರಿಸಿದ ರಕ್ತವನ್ನು ಅವರು ಮರೆತಿರಲಿಲ್ಲ. ಸರ್ಕಾರದ ಹಣ ದೊರೆಯದೆ, ಲಾರ್ಡ್ ರೋಸ್‌ಬರಿ ತಮ್ಮ ಸ್ವಂತ ಹಣ ಕೊಟ್ಟ ಮೇಲೆ, 1899ರಲ್ಲಿ ಪ್ರತಿಮೆ ನಿಂತಿತು. ಆತ ಸತ್ತು ಆಗಲೇ 241 ವರ್ಷಗಳಾಗಿದ್ದವು. ಗೋಡೆಯ ಜಗಳಕ್ಕೆ ಮುಪ್ಪಿಲ್ಲ.

ನಮ್ಮ ಊರಿನ ಕುಂಚ

ಸೆಂಟ್ರಲ್ ಹಾಲಿಗೂ ಬೆಂಗಳೂರಿಗೂ ಇನ್ನೊಂದು ನಂಟಿದೆ. ಅಲ್ಲಿ 1966ರಲ್ಲಿ ಅನಾವರಣವಾದ ನೆಹರೂ ಅವರ ಭಾವಚಿತ್ರವನ್ನು ಬರೆದವರು ಸ್ವೆತೊಸ್ಲಾವ್ ರೋರಿಕ್. ಅಲ್ಲಿನ ಇಂದಿರಾ ಗಾಂಧಿಯವರ ಚಿತ್ರವೂ ಅವರದೇ. 1904ರಲ್ಲಿ ರಷ್ಯಾದಲ್ಲಿ ಹುಟ್ಟಿದ ಈ ಕಲಾವಿದ ಚಿತ್ರತಾರೆ ದೇವಿಕಾರಾಣಿಯವರನ್ನು 1945ರಲ್ಲಿ ಮದುವೆಯಾಗಿ, ಬೆಂಗಳೂರಿನ ಹೊರವಲಯದ ತಾತಗುಣಿಯ ತೋಟವನ್ನು ಮನೆಮಾಡಿಕೊಂಡರು; 1993ರಲ್ಲಿ ಇಲ್ಲಿಯೇ ಕಣ್ಣುಮುಚ್ಚಿದರು. ಕೆಂಗೇರಿಯ ಕಡೆಯವರು ನೈಸ್ ರಸ್ತೆ ಹಿಡಿದು ಕನಕಪುರ ರಸ್ತೆಗೆ ತಿರುಗಿದರೆ ಆ ತೋಟ ದೂರವಿಲ್ಲ. ದಂಪತಿಗಳ ನಂತರ ಆ ನೂರಾರು ಎಕರೆ ಆಸ್ತಿಗಾಗಿ ನ್ಯಾಯಾಲಯಗಳಲ್ಲಿ ದೀರ್ಘ ವ್ಯಾಜ್ಯ ನಡೆದು, ಸರ್ಕಾರ ಅದನ್ನು ವಹಿಸಿಕೊಂಡುದನ್ನು ಸುಪ್ರೀಂ ಕೋರ್ಟು 2011ರಲ್ಲಿ ಎತ್ತಿಹಿಡಿಯಿತು.

ಸಂಸತ್ತಿನ ಗೋಡೆಯಿಂದ ದೇಶದ ಪ್ರತಿನಿಧಿಗಳನ್ನು ನೋಡುವ ಎರಡು ಜೊತೆ ಕಣ್ಣುಗಳನ್ನು ಬರೆದ ಕೈ ನಮ್ಮ ನಡುವೆ ಇದ್ದ ಕೈ. ಪಟದಲ್ಲಿರುವವರನ್ನು ಮರೆಯುವ ನಾವು ಪಟ ಬರೆದವರನ್ನು ನೆನೆಯುವುದು ಎಲ್ಲಿಂದ ಬಂತು!

ಕಟ್ಟಿದವರು ಕಟ್ಟೆಯ ಮೇಲೆ

ಹಬ್ಬ ಕಳೆದ ಮೇಲೆ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಮೆಟ್ರೋ ಹತ್ತಿದೆ. ವಿಜಯನಗರ, ಕೆಂಗೇರಿಗಳವರು ನೇರಳೆ ಮಾರ್ಗದಲ್ಲಿ ನೇರವಾಗಿ ವಿಧಾನಸೌಧದ ಮುಂದೆ ಇಳಿಯಬಹುದು. ನಾವು ಮೆಜೆಸ್ಟಿಕ್ಕಿನಲ್ಲಿ ಗಾಡಿ ಬದಲಾಯಿಸಿದೆವು. ಇಳಿದ ನಿಲ್ದಾಣಕ್ಕೂ ಅಂಬೇಡ್ಕರರ ಹೆಸರೇ. ಹೊರಗೆ ಬಂದರೆ ಎದುರಿಗೆ ಪ್ರತಿಮೆಗಳ ಸಭೆ: ಅಂಬೇಡ್ಕರ್, ನೆಹರೂ, 2023ರ ಮಾರ್ಚಿಯಲ್ಲಿ ಬಂದ ಬಸವೇಶ್ವರ ಮತ್ತು ಕೆಂಪೇಗೌಡ, 2025ರ ಜನವರಿಯಲ್ಲಿ ಬಂದ ಭುವನೇಶ್ವರಿ.

ಕೆಂಗಲ್ ಹನುಮಂತಯ್ಯನವರ ಪ್ರತಿಮೆಯನ್ನು ತೋರಿಸಿ ಈ ಸಲ ನಾನು ಸಿದ್ಧನಾಗಿಯೇ ಮಾತಾಡಿದೆ. 1951ರ ಜುಲೈ 13ರಂದು ನೆಹರೂ ಈ ಸೌಧಕ್ಕೆ ಅಡಿಗಲ್ಲು ಹಾಕಿದರು. ಮರುವರ್ಷ ಮುಖ್ಯಮಂತ್ರಿಯಾದ ಹನುಮಂತಯ್ಯನವರು ನಕ್ಷೆಯನ್ನು ಹಿಗ್ಗಿಸಿ, ಕಲ್ಲಿನಲ್ಲಿ ಈ ವೈಭವವನ್ನು ಎಬ್ಬಿಸಿದರು. ಖರ್ಚಿನ ಬಗ್ಗೆ ಗದ್ದಲವೆದ್ದಿತು, ತನಿಖೆಯಾಯಿತು. ಸೌಧ ಮುಗಿದ 1956ರಲ್ಲಿಯೇ, ಆಗಸ್ಟ್ ತಿಂಗಳಲ್ಲಿ, ಸ್ವಪಕ್ಷದವರ ಅವಿಶ್ವಾಸದಿಂದ ಅವರು ಅಧಿಕಾರ ಬಿಟ್ಟರು. 

"ಮನೆ ಕಟ್ಟಿದವರನ್ನೇ ಆಚೆಗೆ ಕಳಿಸಿದರಾ?" ಎಂದಳು ಮಗಳು.

"ಹೌದು. ಆಮೇಲೆ ತಂದು ಮನೆಯ ಮುಂದೆ ನಿಲ್ಲಿಸಿದರು" ಎಂದೆ.

ಇದರಲ್ಲಿ ವ್ಯಂಗ್ಯವಿದೆ, ಆದರೆ ಪ್ರಜಾಪ್ರಭುತ್ವದ ಆರೋಗ್ಯವೂ ಇದರಲ್ಲಿದೆ. ಬದುಕಿದ್ದಾಗ ಪ್ರಶ್ನಿಸಿ, ಸತ್ತ ಮೇಲೆ ಗೌರವಿಸಿದರೆ ತಪ್ಪೇನೂ ಇಲ್ಲ. ತಪ್ಪಾಗುವುದು ಗೌರವಿಸಲು ತೊಡಗಿದ ಮೇಲೆ ಪ್ರಶ್ನಿಸುವುದನ್ನು ಬಿಟ್ಟಾಗ. 1949ರ ನವೆಂಬರ್ 25ರಂದು, ಸಂವಿಧಾನ ಅಂಗೀಕಾರವಾಗುವ ಮುನ್ನಾದಿನ, ಅಂಬೇಡ್ಕರರು ಸಭೆಗೆ ಕೊಟ್ಟ ಎಚ್ಚರಿಕೆಗಳಲ್ಲಿ ಇದೊಂದಾಗಿತ್ತು: ಧರ್ಮದಲ್ಲಿ ಭಕ್ತಿ ಮುಕ್ತಿಗೆ ದಾರಿಯಾದೀತು, ರಾಜಕೀಯದಲ್ಲಿ ವ್ಯಕ್ತಿಪೂಜೆ ಅಧಃಪತನಕ್ಕೂ ಕೊನೆಗೆ ಸರ್ವಾಧಿಕಾರಕ್ಕೂ ದಾರಿ ಎಂಬ ಅಭಿಪ್ರಾಯ ಅವರದು. ಆ ಮಾತು ಮೊಳಗಿದ ಹಾಲಿನ ಗೋಡೆಯ ಮೇಲೆ ಈಗ ಅವರದೇ ಚಿತ್ರವಿದೆ. ಚಿತ್ರಕ್ಕೆ ಹೂವು ಏರಿಸುವವರು ಆ ಮಾತನ್ನು ನೆನೆದರೆ ಮಾತ್ರ ಹೂವು ಸಾರ್ಥಕ.

ಬಸವಣ್ಣನವರ ವಿಷಯವೂ ಹಾಗೆಯೇ. 2024ರ ಜನವರಿಯಲ್ಲಿ ರಾಜ್ಯ ಸರ್ಕಾರ ಅವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಸಾರಿ, ಸರ್ಕಾರಿ ಕಚೇರಿಗಳಲ್ಲೆಲ್ಲ ಅವರ ಭಾವಚಿತ್ರವಿಡಲು ಆಜ್ಞೆ ಮಾಡಿತು. ನಮ್ಮ ನೆರೆಯ ಬಸವೇಶ್ವರನಗರದವರಂತೂ ದಿನಕ್ಕೆ ಹತ್ತು ಸಲ ಅವರ ಹೆಸರನ್ನು ವಿಳಾಸದಲ್ಲಿ ಬರೆಯುತ್ತಾರೆ. ಕಾಯಕವನ್ನು ಪೂಜೆಯ ಮಟ್ಟಕ್ಕೆ ಎತ್ತಿದ ಆ ಮುಖದ ಕೆಳಗೆ ಕುಳಿತವರು, ಅರ್ಜಿ ಹಿಡಿದು ನಿಂತ ಬಡವನಿಗೆ "ನಾಳೆ ಬಾ" ಎಂದರೆ, ಆಗ ನಾಚಬೇಕಾದುದು ಪಟವೇ?

2024ರ ಡಿಸೆಂಬರಿನಲ್ಲಿ ಬೆಳಗಾವಿಯ ಸುವರ್ಣಸೌಧಕ್ಕೆ ಇನ್ನೊಂದು ತೈಲಚಿತ್ರ ಬಂದಿತು: ಹನ್ನೆರಡನೆಯ ಶತಮಾನದ ಕಲ್ಯಾಣದ ಅನುಭವ ಮಂಟಪ. ಭಾವಚಿತ್ರಗಳಿಗಿಂತ ಇದರ ಜಾತಿಯೇ ಬೇರೆ. ಭಾವಚಿತ್ರದಲ್ಲಿರುವವರು ಒಂಟಿ, ಅವರು ಯಾರ ಮಾತನ್ನೂ ಕೇಳುತ್ತಿರುವುದಿಲ್ಲ. ಅನುಭವ ಮಂಟಪದ ಕಥೆ ಸಭೆಯ ಕಥೆ. ಅಲ್ಲಿ ಅಲ್ಲಮಪ್ರಭುಗಳು ಅಧ್ಯಕ್ಷರು; ಬಗೆಬಗೆಯ ಕಾಯಕದವರು ಸಭಿಕರು; ಬಂದ ಅಕ್ಕಮಹಾದೇವಿಯನ್ನು ಪ್ರಶ್ನೆಗಳಿಂದ ಪರೀಕ್ಷಿಸಿದರು, ಆಕೆ ಉತ್ತರ ಕೊಟ್ಟು ಗೆದ್ದಳು ಎಂದು ಪರಂಪರೆ ಹೇಳುತ್ತದೆ. ಮಾತು ಕೇಳುವುದೂ ಮಾತಿಗೆ ಉತ್ತರ ಕೊಡುವುದೂ ಸದನದ ಕೆಲಸವೆಂದಾದರೆ, ಸದನಕ್ಕೆ ಇದಕ್ಕಿಂತ ಒಪ್ಪುವ ಚಿತ್ರ ಸಿಗುವುದು ಕಷ್ಟ. ನನ್ನ ತಾಯಿಯ ಆಕ್ಷೇಪಕ್ಕೂ ಆ ಕಥೆಯಲ್ಲಿ ಅರ್ಧ ಸಮಾಧಾನವಿದೆ.

ಖಾಲಿ ಮೊಳೆ

ಬಣ್ಣ ಒಣಗಿತು. ಪಟಗಳನ್ನು ಮತ್ತೆ ತೂಗುಹಾಕುವ ದಿನ ನಮ್ಮ ಹಜಾರದಲ್ಲಿಯೂ ಒಂದು ಅಧಿವೇಶನ ಸೇರಿತು. ತಾಯಿಯವರು ಸಭಾಧ್ಯಕ್ಷರು. ಅವರ ತೀರ್ಮಾನ ಸರಳವಾಗಿತ್ತು: ದೇವರನ್ನೂ ಹಿರಿಯರನ್ನೂ ಬಿಟ್ಟು ಬೇರೆ ಯಾರ ಪಟ ಗೋಡೆಗೇರಬೇಕಾದರೂ, ಏರಿಸುವವರು ಅವರ ವಿಷಯವಾಗಿ ಐದು ನಿಮಿಷ ಮಾತಾಡಬೇಕು; ಉಳಿದವರು ಪ್ರಶ್ನೆ ಹಾಕಬಹುದು; ಉತ್ತರ ಬಾರದಿದ್ದರೆ ಪಟ ಅಟ್ಟದ ಮೇಲಕ್ಕೆ.

ರಾಜಾಜಿಯವರ ಪರವಾಗಿ ನಾನು ನಿಂತೆ. ಸೆಂಟ್ರಲ್ ಕಾಲೇಜಿನಿಂದ ಹಿಡಿದು ಗವರ್ನರ್ ಜನರಲ್ ಪದವಿಯವರೆಗೆ ಹೇಳಿದೆ. ತಾತ ಬರೆದ ಪೆನ್ಸಿಲಿನ ಸಾಲನ್ನು ಓದಿ ತೋರಿಸಿದೆ. ನನ್ನ ಹೆಂಡತಿ ಬಿಡಲಿಲ್ಲ. ಮದರಾಸಿನಲ್ಲಿ ಮುಖ್ಯಮಂತ್ರಿಯಾಗಿದ್ದಾಗ 1953ರಲ್ಲಿ ಅವರು ತಂದ ಶಾಲಾ ಯೋಜನೆಯನ್ನು ಅಷ್ಟೊಂದು ಜನ ಏಕೆ ವಿರೋಧಿಸಿದರು ಎಂದು ಕೇಳಿದಳು. ಮಕ್ಕಳು ಅರ್ಧ ದಿನ ಓದಿ, ಉಳಿದ ಹೊತ್ತು ಮನೆಯ ಕಸುಬು ಕಲಿಯಲೆಂಬ ಆ ಯೋಜನೆ ಜಾತಿಯ ಕಸುಬನ್ನೇ ಮುಂದುವರಿಸುತ್ತದೆಂದು ಜನ ಪ್ರತಿಭಟಿಸಿದುದನ್ನೂ, ಮರುವರ್ಷ ಅವರು ಅಧಿಕಾರ ಬಿಟ್ಟುದನ್ನೂ ಒಪ್ಪಿಕೊಂಡೇ ನಾನು ಮಾತು ಮುಗಿಸಿದೆ. ಮಗಳು ಸ್ವಲ್ಪ ಯೋಚಿಸಿ, "ತಪ್ಪನ್ನೂ ಹೇಳಿದಿರಲ್ಲ, ಈಗ ಇವರು ನಮ್ಮ ಮನೆಯವರು" ಎಂದು ತೀರ್ಪು ಕೊಟ್ಟಳು. ಪಟ ತನ್ನ ಹಳೆಯ ಜಾಗಕ್ಕೆ ಹೋಯಿತು.

ಅದರ ಪಕ್ಕದಲ್ಲಿ ಈಗ ಹೊಸದೊಂದು ಮೊಳೆಯಿದೆ. ಅದು ಕಿತ್ತೂರು ಚೆನ್ನಮ್ಮನಿಗೆಂದು ಮಗಳು ಹಟ ಹಿಡಿದಿದ್ದಾಳೆ. ಅಜ್ಜಿ ಮೊದಲೇ ಪ್ರಶ್ನೆ ಹಾಕಿಟ್ಟಿದ್ದಾರೆ: ಮೊದಲ ಕಾಳಗದಲ್ಲಿ ಗೆದ್ದವಳು ಎರಡನೆಯದರಲ್ಲಿ ಸೋತದ್ದು ಹೇಗೆ? ಬೈಲಹೊಂಗಲದ ಸೆರೆಯಲ್ಲಿ ಆಕೆ ಎಷ್ಟು ವರ್ಷವಿದ್ದಳು? ಹುಡುಗಿ ಪುಸ್ತಕ ತರಿಸಿಕೊಂಡು ಓದುತ್ತಿದ್ದಾಳೆ. ಪಟ ಅಂಗಡಿಯಲ್ಲಿ ಸಿದ್ಧವಾಗಿದೆ; ಐದು ನಿಮಿಷದ ಮಾತು ಇನ್ನೂ ಸಿದ್ಧವಾಗಿಲ್ಲ. ಅಲ್ಲಿಯವರೆಗೆ ಮೊಳೆ ಖಾಲಿಯಾಗಿಯೇ ಇರಲಿ ಎಂದು ನಾವೆಲ್ಲ ಒಪ್ಪಿದ್ದೇವೆ.